ಲೇಸರ್ ಉಷ್ಣ, ಬಾರ್ಲಿ ತಂಪು

ಬಸವೇಶ್ವರನಗರದಲ್ಲಿ ನನ್ನ ಕ್ಲಿನಿಕ್ ಇರುವುದು ಒಂದು ಬೇಕರಿಯ ಮೇಲೆ. ನನ್ನ ಚಿಕಿತ್ಸೆ ಫಲಿಸಲಿ ಬಿಡಲಿ, ಬಂದವರು ಹೋಗುವಾಗ ಖಾರದ ಬನ್ ಕಟ್ಟಿಸಿಕೊಂಡು ಹೋಗುತ್ತಾರೆ. ಆ ಸಂಜೆ ಹೆಗ್ಗನಹಳ್ಳಿಯಿಂದ ಬಂದ ಮೂವರಲ್ಲಿ ಯಾರಿಗೂ ಬನ್ನಿನ ಮೇಲೆ ಗಮನವಿರಲಿಲ್ಲ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದ ತಾಯಿ, ಅವರ ಅತ್ತೆ, ಆರನೇ ಕ್ಲಾಸಿನ ಹುಡುಗಿ. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳು.

"ಮೇಡಂ, ಇವ್ಳು ಇನ್ನೂ ರಾತ್ರಿ ಹಾಸಿಗೇಲಿ..." ಎಂದು ತಾಯಿ ಅರ್ಧಕ್ಕೆ ನಿಲ್ಲಿಸಿದರು. ಮತ್ತೆ ದನಿ ತಗ್ಗಿಸಿ ಮುಂದುವರಿಸಿದರು. "ದೊಡ್ಡೋಳಾಗ್ತಾ ಸರಿ ಹೋಗುತ್ತೆ ಅಂದ್ಕೊಂಡ್ವಿ. ಹೋಗ್ಲಿಲ್ಲ. ಈಗ ಸ್ಕೂಲ್ ಖೋ ಖೋ ಟೀಮಲ್ಲಿದಾಳೆ. ದಸರಾ ಆದ್ಮೇಲೆ ಹಾಸನದಲ್ಲಿ ಮ್ಯಾಚು. ಎರಡು ರಾತ್ರಿ ಅಲ್ಲೇ ಇರ್ಬೇಕು."

ಆಗ ಹುಡುಗಿ ಮೊದಲ ಬಾರಿ ಬಾಯಿ ಬಿಟ್ಟಳು. "ಎಲ್ಲಾರೂ ಒಂದೇ ಜಮಖಾನದ ಮೇಲೆ ಮಲ್ಗೋದು."

ನನಗೆ ಇಷ್ಟು ಸಾಕಾಯಿತು. ಹೋದ ವರ್ಷ ಜ್ವರವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದಳಂತೆ. ಈ ಸಲವೂ ಬರದಿದ್ದರೆ ಟೀಮಿನಲ್ಲಿ ಜಾಗವಿಲ್ಲ ಎಂದು ಪಿ.ಟಿ. ಮೇಷ್ಟ್ರು ಹೇಳಿಬಿಟ್ಟಿದ್ದರು. ಓಡುವುದರಲ್ಲಿ ಟೀಮಿನಲ್ಲೇ ಮುಂದಿದ್ದ ಹುಡುಗಿ ಒಂದು ಜಮಖಾನಕ್ಕೆ ಹೆದರಿ ಆಟವನ್ನೇ ಬಿಡುವ ಸ್ಥಿತಿಗೆ ಬಂದಿದ್ದಳು.

ಅವರನ್ನು ನನ್ನ ಬಳಿ ಕಳಿಸಿದ್ದು ಹಿಂದಿನ ರಸ್ತೆಯ ಮಕ್ಕಳ ಡಾಕ್ಟರು. ಮೂತ್ರದ ಪರೀಕ್ಷೆ, ಸಕ್ಕರೆ, ಸ್ಕ್ಯಾನ್ ಎಲ್ಲವನ್ನೂ ಮಾಡಿಸಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡಿದ್ದರು. ಹಾಸಿಗೆ ಒದ್ದೆಯಾದ ಕೂಡಲೇ ಕಿರುಚುವ ಅಲಾರಂ ಕೊಟ್ಟು ನೋಡಿದ್ದರು. ಅದು ಮನೆಯವರನ್ನೂ ಕೆಳಗಿನ ಓನರನ್ನೂ ಎಬ್ಬಿಸಿತು, ಹುಡುಗಿಯನ್ನು ಮಾತ್ರ ಎಬ್ಬಿಸಲಿಲ್ಲ. ಮಾತ್ರೆಗೆ ತಾಯಿ ಒಪ್ಪಲಿಲ್ಲ, ನನ್ನ ಆಕ್ಯುಪಂಕ್ಚರ್ ಸೂಜಿಗೆ ಹುಡುಗಿ ಒಪ್ಪಲಿಲ್ಲ. ಉಳಿದದ್ದು ನನ್ನ ಲೇಸರ್.

ಡಾಕ್ಟರು ಫೋನಿನಲ್ಲಿ ಹೇಳಿದ್ದರು, "ನೋವಿಲ್ಲ, ಹಾನಿಯಿಲ್ಲ, ಪ್ರಯತ್ನ ಪಡಿ. ಆದ್ರೆ ಮೇಡಂ, ವಾಸಿಯಾದ್ರೆ ಯಾವುದ್ರಿಂದ ವಾಸಿಯಾಯ್ತು ಅಂತ ನಂಗೆ ಹೇಳ್ಬೇಕು." ಅವರ ಮಾತಿನಲ್ಲಿ ಒಂದು ಚುಚ್ಚು ಇದ್ದೇ ಇರುತ್ತದೆ. ನಾನೋ, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಲೇಸರಿನಿಂದಲೇ ವಾಸಿಯಾಯಿತು ಎಂದು ಅವರಿಂದಲೇ ಹೇಳಿಸುತ್ತೇನೆಂದು ಅವತ್ತೇ ತೀರ್ಮಾನಿಸಿದೆ.

ಲೇಸರ್ ಆಕ್ಯುಪಂಕ್ಚರ್ ಎಂದರೆ ಸೂಜಿ ಇಲ್ಲದ ಸೂಜಿ ಚಿಕಿತ್ಸೆ. ಸೂಜಿ ಚುಚ್ಚುವ ಬಿಂದುವಿನ ಮೇಲೆ ದಪ್ಪ ಪೆನ್ನಿನಂಥ ಉಪಕರಣದ ತುದಿಯಿಟ್ಟು ತೀರ ಕಡಿಮೆ ಶಕ್ತಿಯ ಬೆಳಕು ಬಿಡುತ್ತೇವೆ. ನನ್ನ ಉಪಕರಣದ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಕಾಣದಿದ್ದರೂ ನೇರ ಕಣ್ಣಿಗೆ ಬಿದ್ದರೆ ಅಪಾಯ. ಹಾಗಾಗಿ ಕೋಣೆಯಲ್ಲಿರುವ ಎಲ್ಲರೂ ಕಪ್ಪು ಕನ್ನಡಕ ಹಾಕಬೇಕು, ಹೊಳೆಯುವ ಸಾಮಾನುಗಳನ್ನು ಆಚೆ ಇಡಬೇಕು. ಬಿಂದು ಹುಡುಕುವ ಅಳತೆ ರೋಗಿಯ ಬೆರಳಿನದೇ, ನನ್ನದಲ್ಲ. ಹುಡುಗಿಯ ನಾಲ್ಕು ಬೆರಳು ಜೋಡಿಸಿ ಹೊಕ್ಕುಳಿನ ಕೆಳಗೆ ಅಳೆದೆ, ಪಾದದ ಒಳಬದಿಯ ಹರಡಿನಿಂದ ಮೇಲಕ್ಕೆ ಅಳೆದೆ, ಮಗುಚಿ ಮಲಗಿಸಿ ಸೊಂಟದ ಹತ್ತಿರ ಬೆನ್ನುಮೂಳೆಯ ಎರಡೂ ಬದಿ ಗುರುತು ಹಾಕಿದೆ. ಒಂದೊಂದು ಬಿಂದುವಿನ ಮೇಲೂ ಅರ್ಧ ನಿಮಿಷ. ಮುಗಿದಾಗ ಉಪಕರಣ ಪೀಂ ಎನ್ನುತ್ತದೆ.

ಈ ಚಿಕಿತ್ಸೆ ಕೆಲವು ಮಕ್ಕಳಿಗೆ ಹಿಡಿಸಿದ್ದನ್ನು ಕಂಡಿದ್ದೇನೆ. ಕೆಲವರಿಗೆ ಏನೂ ಆಗದೇ ಇದ್ದದ್ದನ್ನೂ ಕಂಡಿದ್ದೇನೆ. ಖಾತ್ರಿ ಮದ್ದು ಎಂದು ಯಾರಾದರೂ ಹೇಳಿದರೆ ನಾನೇ ನಂಬುವುದಿಲ್ಲ. ತಾಯಿಗೆ ಇದನ್ನು ಹೇಳಿ, ಜೊತೆಗೆ ಉಳಿದ ನಿಯಮಗಳನ್ನೂ ಹೇಳಿದೆ. ಹಗಲು ಚೆನ್ನಾಗಿ ನೀರು ಕುಡಿಯಬೇಕು, ಸಂಜೆಯ ನಂತರ ಕುಡಿಯುವುದನ್ನು ಆದಷ್ಟು ಕಡಿಮೆ ಮಾಡಬೇಕು, ಮಲಗುವ ಮುಂಚೆ ಟಾಯ್ಲೆಟ್ಟಿಗೆ ಹೋಗಬೇಕು, ಬೆಳಿಗ್ಗೆ ಒದ್ದೆ ಕಂಡರೆ ಯಾರೂ ಬೈಯಬಾರದು. ತಾಯಿ ಎಲ್ಲದಕ್ಕೂ ತಲೆಯಾಡಿಸಿದರು. ಅಜ್ಜಿ ಉಪಕರಣವನ್ನೇ ನೋಡುತ್ತಿದ್ದರು. ಅವರಿಗೆ ಬೇರೆಯಾಗಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸೋಮವಾರ, ಗುರುವಾರ ಸಂಜೆ ಎಂದು ಗೊತ್ತಾಯಿತು. ತಾಯಿಗೆ ಎರಡನೇ ಶಿಫ್ಟ್ ಇದ್ದುದರಿಂದ ಅಜ್ಜಿಯೇ ಬಸ್ಸಿನಲ್ಲಿ ಕರೆತರುತ್ತಿದ್ದರು. ತಮ್ಮ ಕನ್ನಡಕದ ಮೇಲೆ ನಾನು ಕೊಟ್ಟ ಕಪ್ಪು ಕನ್ನಡಕ ಏರಿಸಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದರು. ಅವರ ಅವತಾರ ನೋಡಿ ಮೊಮ್ಮಗಳು ನಕ್ಕೂ ನಕ್ಕೂ ಹೊಟ್ಟೆ ಅಲ್ಲಾಡಿ, ನನ್ನ ಬಿಂದುವೇ ಜಾರಿಹೋಗುತ್ತಿತ್ತು.

"ಏನೂ ಗೊತ್ತೇ ಆಗ್ತಿಲ್ಲ ಆಂಟಿ. ಆನ್ ಆಗಿದ್ಯಾ ಅದು?" ಎಂದು ಕೇಳುತ್ತಿದ್ದಳು.

"ಆಗಿದೆ ಕಣೇ. ಸುಮ್ನೆ ಮಲ್ಗು."

ಕೆಲವು ವಾರ ಕಳೆದ ಮೇಲೆ ತಾಯಿ ಫೋನ್ ಮಾಡಿದರು. ಒಳ್ಳೆಯ ಸುದ್ದಿಯೆಂದು ಆಸೆಯಿಂದ ಎತ್ತಿಕೊಂಡೆ.

"ಮೇಡಂ, ತಪ್ಪು ತಿಳ್ಕೋಬೇಡಿ. ಮಿಕ್ಕಿದ್ ದಿನ ಪರ್ವಾಗಿಲ್ಲ, ಒಂದೊಂದ್ ದಿನ ಒಣಗೇ ಇರುತ್ತೆ. ಆದ್ರೆ ನಿಮ್ಮತ್ರ ಬಂದ್ ಹೋದ್ ರಾತ್ರಿ ಮಾತ್ರ ಹಾಸಿಗೆ ಕೆರೆ ಆಗಿರುತ್ತೆ. ಮೊದ್ಲು ಹಿಂಗಿರ್ಲಿಲ್ಲ."

ನನಗೆ ಮೈ ಉರಿಯಿತು. ಚಿಕಿತ್ಸೆ ಕೊಟ್ಟ ರಾತ್ರಿಯೇ ಹೆಚ್ಚಾಗುವುದೆಂದರೆ ಏನರ್ಥ? ಮೊದಲು ಉಪಕರಣದ ಮೇಲೆ ಅನುಮಾನ ಬಂತು. ಕಣ್ಣಿಗೆ ಕಾಣದ ಈ ಬೆಳಕು ಮೊಬೈಲ್ ಕ್ಯಾಮೆರಾಗೆ ಕಾಣುತ್ತದೆ. ಪರದೆ ಎಳೆದು, ತುದಿಯನ್ನು ಕ್ಯಾಮೆರಾದ ಮುಂದೆ ಹಿಡಿದೆ. ತೆಳು ನೇರಳೆ ಬಣ್ಣದ ಚುಕ್ಕಿ ಸ್ಪಷ್ಟವಾಗಿ ಹೊಳೆಯಿತು. ಉಪಕರಣ ಸರಿಯಿತ್ತು. ಹಾಗಾದರೆ ಬಿಂದುಗಳೇ ತಪ್ಪೇ? ಹೊಟ್ಟೆಯ ಮೇಲಿನವನ್ನು ಬಿಟ್ಟು ಕಾಲು, ಬೆನ್ನಿಗೆ ಮಾತ್ರ ಕೊಟ್ಟು ನೋಡಿದೆ. ಸಮಯವನ್ನು ಅರ್ಧಕ್ಕಿಳಿಸಿದೆ. ಏನು ಮಾಡಿದರೂ ಸೋಮವಾರ, ಗುರುವಾರದ ರಾತ್ರಿಗಳು ಕೈಕೊಟ್ಟವು. ಮನೆಯಲ್ಲಿ ಹಳೆಯ ಪುಸ್ತಕಗಳನ್ನೆಲ್ಲ ಕೆಡವಿ ಕೂತೆ. ಗಂಡ ಊಟಕ್ಕೆ ಕರೆದರೆ ಅವರ ಮೇಲೆ ರೇಗಿದೆ.

ಕೊನೆಗೆ ಮಾನ ಬಿಟ್ಟು ಮಕ್ಕಳ ಡಾಕ್ಟರಿಗೆ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ ನಕ್ಕರು.

"ಹಾಗಾದ್ರೆ ನಿಮ್ ಲೇಸರ್ ಕೆಲ್ಸ ಮಾಡ್ತಿದೆ ಮೇಡಂ. ಉಲ್ಟಾ ಮಾಡ್ತಿದೆ ಅಷ್ಟೆ."

"ನಗ್ಬೇಡಿ ಸಾರ್. ಮಗು ಸೋತುಹೋಗ್ತಿದೆ."

ಅದು ನಿಜವಾಗಿತ್ತು. ಹಿಂದಿನ ವಾರ ಹುಡುಗಿ ಮಂಚದ ಮೇಲಿಂದ ಇಳಿಯುತ್ತಾ, ಅಜ್ಜಿಗೆ ಕೇಳಿಸದ ಹಾಗೆ, "ಬಿಡಿ ಆಂಟಿ. ಪಿ.ಟಿ. ಸರ್‌ಗೆ ಕಾಲು ಉಳುಕ್ತು ಅಂತ ಹೇಳ್ಬಿಡ್ತೀನಿ," ಎಂದಿದ್ದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ, ಸುಳ್ಳನ್ನು ಆಗಲೇ ಅಭ್ಯಾಸ ಮಾಡಿಕೊಂಡಿರಬೇಕು. ನನಗೆ ಅಳು ಬಂದಂತಾಯಿತು. ಹಾಸನಕ್ಕೆ ಹೋಗುವ ದಿನ ಹತ್ತಿರ ಬರುತ್ತಿತ್ತು, ನನ್ನ ಕೈಯಲ್ಲಿ ಉಪಾಯವಿರಲಿಲ್ಲ.

ಮುಂದಿನ ಗುರುವಾರ ಹೊಟ್ಟೆಯ ಬಿಂದುಗಳಿಗೆ ಮತ್ತೆ ಮರಳೋಣವೆಂದುಕೊಂಡೆ. ಹುಡುಗಿಯ ಬೆರಳು ಜೋಡಿಸಿ ಹೊಕ್ಕುಳಿನ ಕೆಳಗೆ ಅಳೆಯಹೋದರೆ ಬೆರಳು ಜಾರಿತು. ಉಪಕರಣದ ತುದಿಯಿಟ್ಟರೆ ಅದೂ ಜಾರಿತು. ಹೊಕ್ಕುಳಿನ ತುಂಬ ಎಣ್ಣೆ. ಪಾದ ಮುಟ್ಟಿ ನೋಡಿದೆ, ಅಂಗಾಲೂ ಜಿಡ್ಡು.

"ಇದೇನೇ ಇದು?"

"ಹರಳೆಣ್ಣೆ ಆಂಟಿ. ಅಜ್ಜಿ ಇಲ್ಲಿಂದ ಮನೇಗ್ ಹೋದ್ಮೇಲೆ ಹಚ್ತಿದ್ರು. ಇವತ್ತು ಮುಂಚೇನೇ ಹಚ್ಚಿದಾರೆ. ಉಷ್ಣ ಆಗುತ್ತಲ್ಲ, ಅದಕ್ಕೆ."

ನಾನು ಮೂಲೆಯ ಕಡೆ ತಿರುಗಿದೆ. ಅಜ್ಜಿ ಕಪ್ಪು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಕೂತಿದ್ದರು. ಸಿಕ್ಕಿಬಿದ್ದವರ ಮುಖವಲ್ಲ ಅದು, ಕೇಳುವುದಕ್ಕೇ ಕಾಯುತ್ತಿದ್ದವರ ಮುಖ.

"ಯಾಕಜ್ಜಿ, ಉಷ್ಣ ಯಾಕಾಗುತ್ತೆ?"

"ಲೇಸರ್ ಅಂದ್ರೆ ಏನು ಅಂತ ನಂಗ್ ಗೊತ್ತಿಲ್ವಾ ಡಾಕ್ಟ್ರಮ್ಮ? ನನ್ ಮಗ ಅದ್ರಲ್ಲೇ ಕೆಲ್ಸ ಮಾಡೋದು. ಸುಂಕದಕಟ್ಟೆ ಹತ್ರ ಶೆಡ್ಡು. ಇಷ್ಟ್ ದಪ್ಪ ಕಬ್ಬಿಣದ ಶೀಟು, ಬೆಣ್ಣೆ ಕತ್ತರ್ಸ್ದಂಗೆ ಕತ್ತರ್ಸುತ್ತೆ. ಊಟ ಕೊಡಕ್ಕೆ ಹೋದಾಗ ಕಿಡಿ ಹಾರೋದು ಕಣ್ಣಾರೆ ನೋಡಿದೀನಿ. ಅಂಥದ್ದನ್ನ ನೀವು ಮಗು ಹೊಟ್ಟೆ ಮೇಲೆ ಬಿಡ್ತೀರಿ. ಉಷ್ಣ ಆಗ್ದೆ ಇರುತ್ತಾ?"

"ಅಷ್ಟು ಭಯ ಇದ್ರೆ ಮತ್ತೆ ಯಾಕೆ ಕರ್ಕೊಂಡ್ ಬರ್ತಿದೀರಿ?"

"ಮಗು ಆಡಕ್ಕೆ ಹೋಗ್ಬೇಕು ಅಂತ ಅಳುತ್ತೆ. ಸೊಸೆ ಇದೊಂದೇ ದಾರಿ ಅಂದ್ಲು. ನೀವು ಸುಡೋದು ಸುಡಿ, ನಾನು ತಂಪು ಮಾಡ್ಕೋತೀನಿ ಅಂದ್ಕೊಂಡೆ."

"ಎಣ್ಣೆ ಬಿಟ್ಟು ಇನ್ನೇನೇನು ತಂಪು ಮಾಡ್ತೀರಿ?"

ಅಜ್ಜಿ ಹೆಮ್ಮೆಯಿಂದಲೇ ಹೇಳಿದರು. ಕ್ಲಿನಿಕ್ಕಿನಿಂದ ಇಳಿದ ಕೂಡಲೇ ಬೇಕರಿ ಪಕ್ಕದ ಗಾಡಿಯಲ್ಲಿ ಎಳನೀರು. ಮನೆಗೆ ಹೋದ ಮೇಲೆ ಕಾಮಕಸ್ತೂರಿ ಬೀಜ ನೆನೆಸಿದ ಹಾಲು. ಮಲಗುವ ಹೊತ್ತಿಗೆ ದೊಡ್ಡ ಚೊಂಬಿನ ತುಂಬ ಬಾರ್ಲಿ ನೀರು, ಕೊನೆಯ ಹನಿಯವರೆಗೆ. ಎರಡನೇ ಶಿಫ್ಟು ಮುಗಿಸಿ ತಾಯಿ ಬರುವಷ್ಟರಲ್ಲಿ ಚೊಂಬು ತೊಳೆದು ಕವುಚಿ ಆಗಿರುತ್ತಿತ್ತು.

"ನಂಗೆ ಹೊಟ್ಟೆ ತುಂಬಿದ್ರೂ ಬಿಡಲ್ಲ ಆಂಟಿ," ಎಂದಳು ಹುಡುಗಿ. "ಡಾಕ್ಟ್ರಮ್ಮನ ಟ್ರೀಟ್ಮೆಂಟಿಗೆ ಇದೇ ಪಥ್ಯ ಅಂತಾರೆ."

ಬಾರ್ಲಿ ನೀರು ಕುಡಿದರೆ ಮೂತ್ರ ಸರಾಗವಾಗಿ ಹೋಗುತ್ತದೆಂದು ಈ ಊರಿನ ಎಲ್ಲ ಅಜ್ಜಿಯರಿಗೂ ಗೊತ್ತು. ಉರಿಮೂತ್ರಕ್ಕೆ ಅದನ್ನೇ ಕೊಡುವುದು. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಉಪಕರಣ ಪರೀಕ್ಷಿಸಿ, ಪುಸ್ತಕ ಕೆಡವಿ, ಗಂಡನ ಮೇಲೆ ರೇಗಿ ನಾನು ಹುಡುಕಿದ ಉತ್ತರ ಹೆಗ್ಗನಹಳ್ಳಿಯ ಅಡುಗೆಮನೆಯ ಚೊಂಬಿನಲ್ಲಿತ್ತು. ಬೈಯಲು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಹುಡುಗಿಯೂ ನಕ್ಕಳು. ಅಜ್ಜಿಯೊಬ್ಬರೇ ನಗಲಿಲ್ಲ.

ಮೊದಲು ತಿಳಿಸಿ ಹೇಳುವ ಪ್ರಯತ್ನ ಮಾಡಿದೆ. ಅಜ್ಜಿಗೆ ಮತ್ತೆ ಕಪ್ಪು ಕನ್ನಡಕ ಹಾಕಿಸಿ, ಉಪಕರಣದ ತುದಿಯನ್ನು ಅವರ ಅಂಗೈ ಮೇಲಿಟ್ಟು ಒತ್ತಿದೆ. "ಬಿಸಿ ಆಯ್ತಾ?"

"ಇಲ್ಲ. ಮೇಲೆ ಗೊತ್ತಾಗಲ್ಲ, ಒಳಗೆ ಸುಡುತ್ತೆ."

"ಅಜ್ಜಿ, ನಿಮ್ ಮಗನ ಶೆಡ್ಡಲ್ಲಿರೋ ಮಿಷನ್ ಆನೆ ಇದ್ದಂಗೆ. ಇದು ಸೊಳ್ಳೆ."

"ಸೊಳ್ಳೆ ಕಚ್ಚಿದ್ರೇನೇ ಅಲ್ವಾ ಡೆಂಗ್ಯೂ ಬರೋದು?"

ನಾನು ಸೋತೆ. ಅಂದು ಅವರನ್ನು ಚಿಕಿತ್ಸೆಯಿಲ್ಲದೆ ಕಳಿಸಿ, ಪರದೆ ಎಳೆದ ಕೋಣೆಯಲ್ಲಿ ಕೂತು ಯೋಚಿಸಿದೆ. ತಾಯಿಗೆ ಫೋನ್ ಮಾಡಿ ಬಾರ್ಲಿ ನಿಲ್ಲಿಸಿ ಎಂದು ಹೇಳುವುದು ಸುಲಭ. ಹಾಗೆ ಮಾಡಿದರೆ ಮಕ್ಕಳ ಡಾಕ್ಟರಿಗೆ ಉತ್ತರ ಹೇಳುವುದೂ ಸುಲಭ, ಏಕೆಂದರೆ ಲೇಸರ್ ಒಂದೇ ಉಳಿಯುತ್ತದೆ. ಆದರೆ ಆ ಮನೆಯಲ್ಲಿ ಅತ್ತೆ ಸೊಸೆಗೆ ಜಗಳವಾಗುತ್ತದೆ. ಅಜ್ಜಿ ಕದ್ದಾದರೂ ಕುಡಿಸುತ್ತಾರೆ. ಸುಡುವ ಮಿಷನ್ನಿನ ಕೆಳಗೆ ಮೊಮ್ಮಗಳನ್ನು ಮಲಗಿಸಿ, ತಂಪನ್ನೂ ಕೊಡಬೇಡ ಎಂದರೆ ಯಾವ ಅಜ್ಜಿ ಸುಮ್ಮನಿದ್ದಾಳು? ಅವರ ಜಾಗದಲ್ಲಿ ನಾನಿದ್ದರೂ ಕುಡಿಸುತ್ತಿದ್ದೆ. ಕಬ್ಬಿಣ ಕತ್ತರಿಸುವುದನ್ನು ನೋಡಿಯೂ ಮಗುವನ್ನು ಬಸ್ಸು ಹತ್ತಿಸಿ ಕರೆತಂದ ಆಕೆಯ ಧೈರ್ಯ ನೆನೆದು ನನಗೆ ಗೌರವ ಹುಟ್ಟಿತು.

ಮರುದಿನ ಅಜ್ಜಿಗೇ ಫೋನ್ ಮಾಡಿದೆ. "ಅಜ್ಜಿ, ಲೇಸರಿಂದ ಉಷ್ಣ ಆಗಲ್ಲ ಅಂತ ನನ್ ಲೆಕ್ಕ. ಆಗುತ್ತೆ ಅಂತ ನಿಮ್ ಲೆಕ್ಕ. ಜಗಳ ಬೇಡ. ಇನ್ಮೇಲೆ ಸಂಜೆ ಬರ್ಬೇಡಿ. ಬೆಳಿಗ್ಗೆ ಸ್ಕೂಲಿಗೆ ಮುಂಚೆ ಬನ್ನಿ, ನಾನು ಬೇಗ ಬಂದು ಬಾಗ್ಲು ತೆಗೀತೀನಿ. ಆಮೇಲೆ ನಿಮ್ ತಂಪೆಲ್ಲಾ ಹಗಲಲ್ಲೇ ಮುಗೀಬೇಕು."

ಅಜ್ಜಿ ಚೌಕಾಸಿಗಿಳಿದರು. "ಎಷ್ಟ್ ಬೇಕಾದ್ರೂ ಕೊಡ್ಬೋದಾ?"

"ಹೊಟ್ಟೆ ಹಿಡಿಯೋಷ್ಟು ಕೊಡಿ. ಆದ್ರೆ ದೇವ್ರ ಮುಂದೆ ಸಂಜೆ ದೀಪ ಹಚ್ಚಿದ್ಮೇಲೆ ಚೊಂಬು ಮುಟ್ಟೋ ಹಾಗಿಲ್ಲ. ಬಾಯಾರಿಕೆ ಅಂದ್ರೆ ಎರಡು ಗುಟುಕು ನೀರು, ಅಷ್ಟೆ."

"ಬೆಳಿಗ್ಗೆಯಿಂದ ಸಂಜೆವರ್ಗೂ ಕೊಟ್ರೆ ಉಷ್ಣ ಪೂರ್ತಿ ಇಳಿಯುತ್ತೆ ಬಿಡಿ," ಎಂದು ಅವರೇ ತೀರ್ಪು ಕೊಟ್ಟರು. ಸಂಜೆಯ ಹೊತ್ತು ಇಡೀ ದಿನದ ತಂಪನ್ನು ಒಂದೇ ಉಸಿರಿಗೆ ಕುಡಿಸುವುದು ಅವರಿಗೂ ಕಷ್ಟವಾಗುತ್ತಿತ್ತಂತೆ.

ನಾನಿರುವುದು ಮಲ್ಲತ್ತಹಳ್ಳಿ. ಸೋಮವಾರ, ಗುರುವಾರ ಕೆರೆ ಸುತ್ತ ವಾಕಿಂಗ್ ಬಿಟ್ಟು, ಗಂಡನಿಗೆ ಉಪ್ಪಿಟ್ಟು ಮಾಡುವುದನ್ನು ಕಲಿಸಿ, ರಿಂಗ್ ರಸ್ತೆಗೆ ಬಿದ್ದೆ. ಬೇಕರಿಯವರು ಶಟರ್ ಎತ್ತುವ ಹೊತ್ತಿಗೆ ಅಜ್ಜಿ, ಮೊಮ್ಮಗಳು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಯೂನಿಫಾರ್ಮಿನಲ್ಲೇ ಹುಡುಗಿ ಮಂಚ ಹತ್ತುತ್ತಿದ್ದಳು. ಚಿಕಿತ್ಸೆ ಮುಗಿದ ಕೂಡಲೇ ಅಜ್ಜಿ ಬ್ಯಾಗಿನಿಂದ ಬಾರ್ಲಿ ನೀರಿನ ಬಾಟಲಿ ತೆಗೆದು ಅವಳ ಕೈಗಿಡುತ್ತಿದ್ದರು.

ಇದರಿಂದ ನಾನು ಎಣಿಸದೇ ಇದ್ದ ಇನ್ನೊಂದು ಲಾಭವಾಯಿತು. ಸ್ಕೂಲಿನ ಟಾಯ್ಲೆಟ್ಟಿಗೆ ಹೇಸಿ ಈ ಹುಡುಗಿ ಹಗಲು ನೀರೇ ಕುಡಿಯುತ್ತಿರಲಿಲ್ಲ. ನಾನು ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಅಜ್ಜಿಯ ಬಾಟಲಿಯನ್ನು ಮಾತ್ರ ಖಾಲಿ ಮಾಡದೆ ಮನೆಗೆ ಹೋಗುವಂತಿರಲಿಲ್ಲ. ಕುಡಿದ ಮೇಲೆ ಟಾಯ್ಲೆಟ್ಟಿಗೆ ಹೋಗದೆ ವಿಧಿಯಿಲ್ಲ. ತಾಯಿ ಸ್ಕೂಲಿಗೆ ಹೋಗಿ ಮಾತಾಡಿ, ಟೀಚರುಗಳ ಟಾಯ್ಲೆಟ್ಟಿಗೆ ಬಿಡುವಂತೆ ಒಪ್ಪಿಸಿದರು.

ಸೋಮವಾರ, ಗುರುವಾರದ ಕೆರೆ ಬತ್ತಿತು. ಆಮೇಲೆ ಉಳಿದ ರಾತ್ರಿಗಳೂ ಒಂದೊಂದಾಗಿ ಒಣಗತೊಡಗಿದವು. ಹುಡುಗಿ ಮೆಟ್ಟಿಲ ಮೇಲಿಂದಲೇ "ಆಂಟಿ, ಒಣಗಿತ್ತು!" ಎಂದು ಕೂಗುವಳು. ಬೇಕರಿಯವರಿಗೆ ಏನೆಂದು ತಿಳಿಯದಿದ್ದರೂ ಅವರೂ ನಗುವರು.

ಮಕ್ಕಳ ಡಾಕ್ಟರಿಗೆ ಹೇಳಬೇಕಾಗಿತ್ತು. ಹೇಳಿದೆ. "ಸಾರ್, ಲೇಸರಿಂದಲೋ, ಬಾರ್ಲಿ ಹೊತ್ತು ಬದ್ಲಾಯ್ಸಿದ್ದಕ್ಕೋ, ಹಗಲು ನೀರು ಕುಡಿದಿದ್ದಕ್ಕೋ, ವಯಸ್ಸಾಯ್ತು ಅಂತ ತಾನಾಗೇ ನಿಲ್ತೋ, ನನಗೆ ಗೊತ್ತಿಲ್ಲ. ಇನ್ಮೇಲೆ ಗೊತ್ತಾಗೋದೂ ಇಲ್ಲ." ಗೆದ್ದೆ ಎಂದು ಹೇಳುವ ಅವಕಾಶವನ್ನು ನಾನೇ ಕೈಯಾರೆ ಬಿಟ್ಟುಕೊಟ್ಟಿದ್ದೆ.

ಅವರು ಈ ಸಲ ನಗಲಿಲ್ಲ. "ಹಾಸನದಿಂದ ಬರೋವರ್ಗೂ ಯಾವ್ದನ್ನೂ ನಿಲ್ಲಿಸ್ಬೇಡಿ ಮೇಡಂ," ಎಂದರು.

ಹೊರಡುವುದಕ್ಕೆ ಇನ್ನು ಕೆಲವೇ ದಿನ ಇದ್ದಾಗ ಹಾಸಿಗೆ ಮತ್ತೆ ಒದ್ದೆಯಾಯಿತು. ಮೂವರೂ ಬೆಳಿಗ್ಗೆಯೇ ಬಂದರು. ತಾಯಿ ರಜೆ ಹಾಕಿದ್ದರು. ಹುಡುಗಿಯ ಕಣ್ಣು ಊದಿತ್ತು.

"ಬೇಡ ಮೇಡಂ, ಕಳ್ಸಲ್ಲ," ಎಂದರು ತಾಯಿ. "ಅಲ್ಲಿ ಹೆಚ್ಚುಕಮ್ಮಿ ಆದ್ರೆ ಆ ಹುಡ್ಗೀರು ಜೀವ್ನ ಪೂರ್ತಿ ಆಡ್ಕೋತಾರೆ. ಇಲ್ಲಾಂದ್ರೆ ಹೋಗೋವರ್ಗೂ ದಿನಾ ಲೇಸರ್ ಕೊಡಿ. ಎರಡೆರಡ್ ಹೊತ್ತು ಕೊಡಿ."

ಕೊಡಬಹುದಿತ್ತು. ಅಪಾಯವೇನೂ ಇರಲಿಲ್ಲ, ತಾಯಿಗೂ ಸಮಾಧಾನವಾಗುತ್ತಿತ್ತು. ಆದರೆ ಒಂದು ರಾತ್ರಿ ತಪ್ಪಿದ್ದಕ್ಕೆ ಮೂವರು ದೊಡ್ಡವರು ಹೀಗೆ ಮೇಲೆ ಬಿದ್ದರೆ, ಹುಡುಗಿ ಹಾಸನಕ್ಕೆ ಮೊದಲು ಹೊತ್ತೊಯ್ಯುವುದು ನಮ್ಮ ಭಯವನ್ನೇ. ನಾನು ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ.

"ಇವತ್ತು ಬೇಡ. ಗುರುವಾರ ಎಂದಿನ ಹಾಗೆ ಬನ್ನಿ. ಹೋಗೋದೋ ಬಿಡೋದೋ ಅಂತ ಅವ್ಳನ್ನೇ ಕೇಳಿ."

ಯಾರೂ ಕೇಳಲಿಲ್ಲ. ಹುಡುಗಿಯೇ ಹೇಳಿದಳು. "ಒದ್ದೆ ಆದ್ರೆ ಎದ್ದು ಒಗೀತೀನಿ. ನಕ್ರೆ ನಗ್ಲಿ. ಆದ್ರೆ ಆಡ್ತೀನಿ."

ತಾಯಿ ಏನೋ ಹೇಳಹೊರಟರು. ಅಜ್ಜಿ ಅವರ ಕೈ ಹಿಡಿದರು. "ಬಿಡೇ, ಹೋಗ್ಲಿ. ನಾನು ಮಿಷನ್ನಿಗೇ ಒಪ್ಕೊಂಡೆ. ನೀನು ಒಂದ್ ಜಮಖಾನಕ್ಕೆ ಹೆದರ್ತೀಯಲ್ಲ."

ಹೋದಳು. ಆ ಎರಡು ದಿನ ನಾನು ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಒಬ್ಬರ ಮಂಡಿನೋವಿಗೆ ಬಲಗಾಲಿನ ಬದಲು ಎಡಗಾಲಿಗೆ ಗುರುತು ಹಾಕಿ ಅವರಿಂದ ಬೈಸಿಕೊಂಡೆ. ತಿರುಗಿ ಬರುವ ದಿನ ಸಂಜೆ ತಾಯಿಯ ನಂಬರಿನಿಂದ ಫೋನ್ ಬಂತು. ಎತ್ತಿದರೆ ಹುಡುಗಿಯ ದನಿ.

"ಪುಟ್ಟಿ, ಒಣಗಿತ್ತೇನೇ?" ಎಂದುಬಿಟ್ಟೆ.

ಅವಳು ಸಿಡಿದಳು. "ಆಂಟಿ, ನೀವೂನಾ? ಬಸ್ ಇಳೀತಿದ್ದಂಗೆ ಅಮ್ಮ ಅದೇ ಕೇಳಿದ್ಲು, ಮನೇಗ್ ಬಂದ್ರೆ ಅಜ್ಜಿ ಅದೇ, ಈಗ ನೀವೂ ಅದೇ. ಮ್ಯಾಚ್ ಏನಾಯ್ತು ಅಂತ ಒಬ್ರಾದ್ರೂ ಕೇಳಿದ್ರಾ?"

ನನಗೆ ಕೆನ್ನೆಗೆ ಬಿಗಿದಂತಾಯಿತು. ಕುರ್ಚಿ ಎಳೆದುಕೊಂಡು ಕೂತು, "ತಪ್ಪಾಯ್ತು ಕಣೇ. ಹೇಳು, ಮ್ಯಾಚ್ ಏನಾಯ್ತು?" ಎಂದೆ.

ಹೇಳಿದಳು. ಸೆಮಿಫೈನಲ್‌ನಲ್ಲಿ ಸೋತಿದ್ದರು, ಅಂಪೈರಿನದೇ ತಪ್ಪಂತೆ. ಕಂಬದ ಹತ್ತಿರ ಹಾರಿ ಇವಳು ಔಟ್ ಮಾಡಿದ ಹುಡುಗಿ ಮಂಡ್ಯದ ಕ್ಯಾಪ್ಟನ್ ಅಂತೆ. ಮಂಡಿ ತರಚಿದೆಯಂತೆ, ಪಿ.ಟಿ. ಮೇಷ್ಟ್ರು ಎಲ್ಲರ ಮುಂದೆ ಹೊಗಳಿದರಂತೆ. ಕೆಳಗೆ ಬೇಕರಿಯವರು ಶಟರ್ ಎಳೆಯುವವರೆಗೂ ಹೇಳುತ್ತಲೇ ಇದ್ದಳು. ನಾನು ಹೂಂಗುಟ್ಟುತ್ತಾ ಕೂತೆ, ಇನ್ನೊಂದು ಪ್ರಶ್ನೆಯನ್ನು ಹಲ್ಲು ಕಚ್ಚಿ ತಡೆದುಕೊಂಡು.

ಕೊನೆಗೆ ಅವಳಿಗೇ ಕರುಣೆ ಬಂತು.

"ಒಣಗೇ ಇತ್ತು ಆಂಟಿ, ಎರಡು ದಿನಾನೂ," ಎಂದಳು. "ನಿಜ ಹೇಳ್ಲಾ? ಬೆಳಿಗ್ಗೆ ಎದ್ದು ಮುಟ್ಟಿ ನೋಡೋದನ್ನೇ ಮರ್ತಿದ್ದೆ. ಸೀದಾ ಗ್ರೌಂಡಿಗೆ ಓಡ್ಬಿಟ್ಟೆ."